ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರಿದ್ದಾರೆ?

ನಮ್ಮ ಮನೆಯ ಕಡತದಲ್ಲಿ ಅರ್ಧ ಹಾಳೆಯ ಒಂದು ರೆಫರಲ್ ಚೀಟಿ ಇನ್ನೂ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಮ್ಮನ ಮಗಳನ್ನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವಾಗ ಬರೆದುಕೊಟ್ಟದ್ದು. ಚೊಚ್ಚಲ ಹೆರಿಗೆ, ತುಂಬಿದ ತಿಂಗಳು, ನೋವು ಶುರುವಾಗಿ ಹದಿನಾಲ್ಕು ಗಂಟೆ, ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ನೀಲಿ ಶಾಯಿಯಲ್ಲಿ ಬರೆದು, ಕೊನೆಯ ಸಾಲಿನಲ್ಲಿ ‘ಅರಿವಳಿಕೆ ತಜ್ಞರು ರಜೆಯಲ್ಲಿರುವುದರಿಂದ ಮೇಲಿನ ಆಸ್ಪತ್ರೆಗೆ ಕಳುಹಿಸಲಾಗಿದೆ’ ಎಂದು ಸೇರಿಸಿದ್ದಾರೆ. ಸಮಯ ರಾತ್ರಿ 1.50. ಆ ಹೊತ್ತಿಗೆ ಪ್ರಸೂತಿ ತಜ್ಞೆ ಕ್ವಾರ್ಟರ್ಸಿನಿಂದ ಎದ್ದು ಬಂದಿದ್ದರು, ಲೇಬರ್ ವಾರ್ಡಿನಲ್ಲಿ ಇಬ್ಬರು ಸಿಸ್ಟರುಗಳಿದ್ದರು, ಆಪರೇಷನ್ ಥಿಯೇಟರಿನ ದೀಪ ಹೊತ್ತಿಸಿ ನೋಡಿ ಮತ್ತೆ ಆರಿಸಿಯೂ ಆಗಿತ್ತು. ಚೀಟಿ ಕೊಡುವಾಗ ಆ ಡಾಕ್ಟರು ಚಿಕ್ಕಮ್ಮನ ಕೈ ಹಿಡಿದು, ‘ಅಮ್ಮಾ, ಕತ್ತರಿ ಹಿಡಿಯೋಕೆ ನಾನಿದೀನಿ, ಮರವಿಸೋರು ಇವತ್ತು ಇಲ್ಲ, ತಡ ಮಾಡಬೇಡಿ’ ಎಂದಿದ್ದರು. ತಾಯಿಯೂ ಮಗುವೂ ಉಳಿದರು. ಎರಡು ಗಂಟೆಯ ಘಾಟಿ ದಾರಿ ಆಂಬುಲೆನ್ಸಿನಲ್ಲಿ ಕಳೆದದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ಆ ಆಸ್ಪತ್ರೆಯ ಸಿಬ್ಬಂದಿ ಪಟ್ಟಿಯಲ್ಲಿ ಅರಿವಳಿಕೆ ತಜ್ಞರ ಹುದ್ದೆಯ ಎದುರು ‘ಭರ್ತಿ’ ಎಂದೇ ಇತ್ತು. ಇದೇ ಲೇಖನದ ಮುಖ್ಯ ವಿಷಯ. ಆರೋಗ್ಯ ಸೇವೆಯ ಬಗ್ಗೆ ನಾವು ಮಾಡುವ ಚರ್ಚೆಯೆಲ್ಲ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಎಷ್ಟು ಎಂಬ ಲೆಕ್ಕದ ಸುತ್ತ ಸುತ್ತುತ್ತದೆ. ವಿಧಾನಮಂಡಲದಲ್ಲಿ ಕೇಳುವ ಪ್ರಶ್ನೆ, ಸಚಿವರು ಕೊಡುವ ಉತ್ತರ, ಪತ್ರಿಕೆಯ ತಲೆಬರಹ ಎಲ್ಲವೂ ಅದನ್ನೇ ಆಧರಿಸಿರುತ್ತವೆ. ಆದರೆ ತುರ್ತಿನಲ್ಲಿ ಬಂದವರಿಗೆ ಬೇಕಾಗಿರುವುದು ಒಂದೇ ಹೊತ್ತಿನಲ್ಲಿ ಒಂದೇ ಕಟ್ಟಡದೊಳಗೆ ಸೇರಿರುವ ಒಂದು ತಂಡ. ಆ ತಂಡ ತಿಂಗಳಲ್ಲಿ ಎಷ್ಟು ರಾತ್ರಿ ಪೂರ್ತಿಯಾಗಿತ್ತು ಎಂಬುದನ್ನು ಸಾರ್ವಜನಿಕರಿಗೆ ಕಾಣುವಂತೆ ಲೆಕ್ಕವಿಟ್ಟದ್ದನ್ನು ನಾನಂತೂ ಯಾವ ಆಸ್ಪತ್ರೆಯ ಗೋಡೆಯ ಮೇಲೂ ನೋಡಿಲ್ಲ.

ವ್ಯವಸ್ಥೆಯ ಚೌಕಟ್ಟು ಹಳೆಯದು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ 1946ರಲ್ಲಿ ಕೊಟ್ಟ ವರದಿಯಿಂದ ಬೆಳೆದುಬಂದ ಹಂತಗಳೇ ಇಂದಿಗೂ ಇವೆ. ಬಯಲುಸೀಮೆಯಲ್ಲಿ 30,000 ಜನಸಂಖ್ಯೆಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಮೇಲೆ 1,20,000 ಅಥವಾ ಗುಡ್ಡಗಾಡಿನಲ್ಲಿ 80,000 ಜನರಿಗೆ 30 ಹಾಸಿಗೆಗಳ ಒಂದು ಸಮುದಾಯ ಆರೋಗ್ಯ ಕೇಂದ್ರ. ಅದರ ಮೇಲೆ ಸಾಮಾನ್ಯವಾಗಿ 100 ಹಾಸಿಗೆಗಳ ತಾಲ್ಲೂಕು ಆಸ್ಪತ್ರೆ. ಆಮೇಲೆ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು. ತಜ್ಞ ವೈದ್ಯರು ಸಮುದಾಯ ಆರೋಗ್ಯ ಕೇಂದ್ರದಿಂದ ಶುರುವಾಗಬೇಕು. ಶಸ್ತ್ರಚಿಕಿತ್ಸೆ, ಸಾಮಾನ್ಯ ವೈದ್ಯಕೀಯ, ಪ್ರಸೂತಿ, ಮಕ್ಕಳ ವಿಭಾಗ, ಜೊತೆಗೆ ಅರಿವಳಿಕೆ ಇರಬೇಕೆಂದು ರಾಷ್ಟ್ರೀಯ ಮಾನದಂಡ ಹೇಳುತ್ತದೆ. ವಾಸ್ತವದಲ್ಲಿ, 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ವರದಿಯ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರ ಪೈಕಿ ಶೇ 79.5ರಷ್ಟು ಕೊರತೆ ಇತ್ತು. ಐದು ಕುರ್ಚಿಗಳಲ್ಲಿ ನಾಲ್ಕು ಖಾಲಿ ಎಂದಾಯಿತು. ನಮ್ಮ ರಾಜ್ಯದಲ್ಲಿ ಸುಮಾರು 146 ತಾಲ್ಲೂಕು ಆಸ್ಪತ್ರೆಗಳಿವೆ. ಹಳ್ಳಿಯವರ ಮಾತಿನಲ್ಲಿ ‘ದೊಡ್ಡಾಸ್ಪತ್ರೆ’ ಎಂದರೆ ಬಹುಪಾಲು ಇದೇ.

ಒಂದು ಆಸ್ಪತ್ರೆ ತಾಯಂದಿರ ತುರ್ತನ್ನು ನಿಭಾಯಿಸಬಲ್ಲದೇ ಎಂದು ತೀರ್ಮಾನಿಸಲು ಮೂರು ವಿಷಯ ನೋಡುತ್ತಾರೆ: ದಿನದ ಇಪ್ಪತ್ತನಾಲ್ಕು ಗಂಟೆಯೂ ಸಿಸೇರಿಯನ್ ಸೇರಿದಂತೆ ತುರ್ತು ಪ್ರಸೂತಿ ಸೇವೆ, ನವಜಾತ ಶಿಶುವಿನ ಆರೈಕೆ, ರಕ್ತ ಸಂಗ್ರಹಣೆ. ಸಿಸೇರಿಯನ್ ಎಂಬ ಒಂದೇ ಶಸ್ತ್ರಚಿಕಿತ್ಸೆಗೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಹುಟ್ಟಿದ ಮಗುವನ್ನು ಕೈಗೆತ್ತಿಕೊಳ್ಳಲು ಮಕ್ಕಳ ತಜ್ಞರು, ಥಿಯೇಟರ್ ಸಿಸ್ಟರ್, ಪ್ರಯೋಗಾಲಯದ ತಂತ್ರಜ್ಞ, ಡಿ ಗ್ರೂಪ್ ನೌಕರರು, ಜನರೇಟರಿಗೆ ಡೀಸೆಲ್, ಫ್ರಿಜ್ಜಿನಲ್ಲಿ ರಕ್ತ, ಇಷ್ಟೂ ಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಉಳಿದವೆಲ್ಲ ಆ ರಾತ್ರಿಯ ಮಟ್ಟಿಗೆ ಉಪಯೋಗಕ್ಕೆ ಬಾರದವು. ಸಂಬಳ ಪೂರ್ತಿ ಖರ್ಚಾಗಿರುತ್ತದೆ, ಸೇವೆ ಮಾತ್ರ ಇರುವುದಿಲ್ಲ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಸೂತಿ, ಅರಿವಳಿಕೆ, ಮಕ್ಕಳ ವಿಭಾಗ ಮೂರಕ್ಕೂ ತಲಾ ಒಬ್ಬರು ತಜ್ಞರಿದ್ದಾರೆ ಎಂದಿಟ್ಟುಕೊಳ್ಳೋಣ. ಕಡತದ ಪ್ರಕಾರ ಅಲ್ಲಿ ಕೊರತೆಯೇ ಇಲ್ಲ. ಒಬ್ಬೊಬ್ಬರೂ ವಾರದ ಏಳು ರಾತ್ರಿಗಳಲ್ಲಿ ಐದು ರಾತ್ರಿ ಕರೆದರೆ ಸಿಗುತ್ತಾರೆ ಎಂದುಕೊಳ್ಳೋಣ. ವಾರದ ರಜೆ, ತರಬೇತಿ, ಕಾಯಿಲೆ, ಊರಿನ ಮದುವೆ, ಮಕ್ಕಳ ಪರೀಕ್ಷೆ ಎಲ್ಲವನ್ನೂ ಸೇರಿಸಿದರೆ ವಾರಕ್ಕೆ ಐದು ರಾತ್ರಿ ಎಂಬುದು ಉದಾರವಾದ ಅಂದಾಜೇ ಸರಿ, ಯಾವ ಮನುಷ್ಯನಿಂದಲೂ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಕ್ರೌರ್ಯ. ಅವರವರ ರಜೆ ಅವರವರಿಗೆ ಬೇಕಾದಾಗ ಬಿದ್ದರೆ, ಮೂವರೂ ಒಟ್ಟಿಗೆ ಸಿಗುವ ರಾತ್ರಿಗಳು ನೂರಕ್ಕೆ ಮೂವತ್ತಾರು, ಅಂದರೆ ತಿಂಗಳಿಗೆ ಸುಮಾರು ಹನ್ನೊಂದು ಮಾತ್ರ. ಉಳಿದ ಹತ್ತೊಂಬತ್ತು ರಾತ್ರಿ ಆ ಆಸ್ಪತ್ರೆ ಚೀಟಿ ಬರೆದುಕೊಡುವ ಸ್ಥಳವಾಗಿರುತ್ತದೆ.

ಈಗ ಪ್ರತಿ ವಿಭಾಗಕ್ಕೂ ಒಬ್ಬರ ಬದಲು ಇಬ್ಬರನ್ನು ಹಾಕಿ. ಇಬ್ಬರಲ್ಲಿ ಒಬ್ಬರಾದರೂ ಸಿಗುವ ಸಾಧ್ಯತೆ ಹೆಚ್ಚುವುದರಿಂದ ಪೂರ್ತಿ ತಂಡ ಸಿಗುವ ರಾತ್ರಿಗಳು ತಿಂಗಳಿಗೆ ಇಪ್ಪತ್ತಮೂರಕ್ಕೆ ಏರುತ್ತವೆ. ಇಬ್ಬರೂ ಒಂದೇ ರಾತ್ರಿ ಊರು ಬಿಡದಂತೆ ಡ್ಯೂಟಿ ಪಟ್ಟಿಯನ್ನು ಮುಂಚಿತವಾಗಿ ಬರೆದು ಪಾಲಿಸಿದರೆ ಮೂವತ್ತೂ ರಾತ್ರಿ ಸಿಗುತ್ತವೆ. ಹನ್ನೊಂದರಿಂದ ಇಪ್ಪತ್ತಮೂರಕ್ಕೆ ಹೋಗಲು ಮೂರು ಹೊಸ ಹುದ್ದೆ ಬೇಕಾದವು. ಇಪ್ಪತ್ತಮೂರರಿಂದ ಮೂವತ್ತಕ್ಕೆ ಹೋಗಲು ಹೊಸ ಹುದ್ದೆ ಒಂದೂ ಬೇಕಾಗಲಿಲ್ಲ, ಆಡಳಿತ ವೈದ್ಯಾಧಿಕಾರಿಯ ಮೇಜಿನ ಮೇಲೆ ಒಂದು ರೂಲು ಹಾಕಿದ ಪುಸ್ತಕ ಮತ್ತು ಅದನ್ನು ಜಾರಿ ಮಾಡುವ ಅಧಿಕಾರ ಸಾಕಾಯಿತು. ನಿಜವಾದ ಆಸ್ಪತ್ರೆಗಳು ಈ ಸರಳ ಲೆಕ್ಕದಷ್ಟು ನೇರವಾಗಿರುವುದಿಲ್ಲ ಎಂಬುದು ಗೊತ್ತು. ಆದರೂ ಒಬ್ಬೊಬ್ಬರನ್ನೇ ಹತ್ತು ಕಡೆ ಹಂಚುವುದಕ್ಕೂ ಇಬ್ಬಿಬ್ಬರನ್ನು ಐದು ಕಡೆ ಕೂಡಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಈಚೆಗೆ ಬಲ ಪಡೆದಿರುವ ಆಲೋಚನೆಯೂ ಇದೇ. ಹೆರಿಗೆಗಳ ಸಂಖ್ಯೆ ಕಡಿಮೆ ಇರುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೆ ತಂದು, ಅಲ್ಲಿ ಪ್ರಸೂತಿ, ಅರಿವಳಿಕೆ, ಮಕ್ಕಳ ವಿಭಾಗಗಳಲ್ಲಿ ತಲಾ ಇಬ್ಬರು ಇರುವಂತೆ ನೋಡಿಕೊಂಡು ಹಗಲೂ ರಾತ್ರಿಯೂ ಸೇವೆ ಕೊಡಬೇಕೆಂಬುದು ಅದರ ತಿರುಳು. ಇದಕ್ಕೆ ಹಿನ್ನೆಲೆಯೂ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತರು. ರಕ್ತನಾಳಕ್ಕೆ ಡ್ರಿಪ್ ಆಗಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಿತು, ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು. ಆ ಸಾವುಗಳಿಗೂ ರಾತ್ರಿಯ ತಂಡಕ್ಕೂ ನೇರ ಸಂಬಂಧವಿಲ್ಲ, ಅದು ಔಷಧದ ವಿಷಯ. ಆದರೆ ಆಮೇಲೆ ಬಾಣಂತಿಯರ ಸಾವು ಎಂಬುದು ರಾಜ್ಯದಲ್ಲಿ ಬಹಿರಂಗವಾಗಿ ಲೆಕ್ಕ ಕೇಳುವ ವಿಷಯವಾಯಿತು. ಕೇಳಬೇಕಾದದ್ದೇ. 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರಪ್ರದೇಶದಲ್ಲಿ 45, ತಮಿಳುನಾಡಿನಲ್ಲಿ 54 ಇದ್ದರೆ ಕರ್ನಾಟಕದಲ್ಲಿ 69. ದೇಶದ ಸರಾಸರಿಯಾದ 97ಕ್ಕಿಂತ ನಾವು ಮುಂದಿದ್ದೇವೆ ಎಂದು ಸಮಾಧಾನ ಪಡಬಹುದು, ಆದರೆ ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯಲ್ಲಿದ್ದೆವು.

ತಜ್ಞರನ್ನು ಒಟ್ಟುಗೂಡಿಸುವ ಆಲೋಚನೆ ಸರಿಯಾದದ್ದು ಎಂದು ನಾನು ನಂಬುತ್ತೇನೆ. ಆದರೆ ಎಲ್ಲಿಂದ ತೆಗೆಯಬೇಕು ಎಂದು ತೀರ್ಮಾನಿಸಲು ಹೆರಿಗೆಗಳ ಸಂಖ್ಯೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ದೊಡ್ಡ ತಪ್ಪಾಗುತ್ತದೆ. ಹೆರಿಗೆ ಕಡಿಮೆ ಆಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರುತ್ತವೆ. ಹತ್ತು ಕಿಲೋಮೀಟರ್ ಆಚೆ ಒಳ್ಳೆಯ ಆಸ್ಪತ್ರೆ ಇದ್ದು ಜನ ಅಲ್ಲಿಗೆ ಹೋಗುತ್ತಿದ್ದರೆ ಹೆರಿಗೆ ಕಡಿಮೆ ಇರುತ್ತದೆ. ಸುತ್ತ ಕಾಡಿದ್ದು, ಊರುಗಳು ಚದುರಿದ್ದು, ಜನವಸತಿಯೇ ವಿರಳವಾಗಿದ್ದರೂ ಕಡಿಮೆ ಇರುತ್ತದೆ. ಮೊದಲನೆಯ ಕಡೆ ತಜ್ಞರನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ. ಎರಡನೆಯ ಕಡೆ ತೆಗೆದರೆ ಆ ಕೇಂದ್ರ ಯಾರಿಗಾಗಿ ಇತ್ತೋ ಅವರೇ ಕೈಬಿಟ್ಟುಹೋಗುತ್ತಾರೆ. ಗುಡ್ಡಗಾಡಿಗೆ 80,000, ಬಯಲಿಗೆ 1,20,000 ಎಂದು ಮಾನದಂಡವೇ ಎರಡು ಲೆಕ್ಕ ಇಟ್ಟಿರುವುದು ಈ ಕಾರಣಕ್ಕೆ. ಸ್ಥಾಪಿಸುವಾಗ ಒಪ್ಪಿಕೊಂಡ ತತ್ವವನ್ನು ಮರುಹಂಚಿಕೆ ಮಾಡುವಾಗ ಮರೆಯಬಾರದು.

ಉತ್ತರ ಕನ್ನಡ ಜಿಲ್ಲೆಯನ್ನು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಕರಾವಳಿಯ ಹೊನ್ನಾವರದಿಂದ ದೊಡ್ಡ ಆಸ್ಪತ್ರೆ ಇರುವ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಘಟ್ಟದ ಮೇಲಿನ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಕಾರವಾರದವರಿಗೆ ರಾಜ್ಯದ ಗಡಿ ದಾಟಿ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವುದೇ ಹತ್ತಿರ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೂ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ನಿಂತಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ವೇಗವಾಗಿ ಬಂದು ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆಗ ಆ ಕೂಗು ಜಿಲ್ಲೆಯ ಉದ್ದಗಲಕ್ಕೂ ಹಬ್ಬಿತು. ಎರಡು ವರ್ಷಗಳ ನಂತರ, 2024ರ ಜುಲೈ 16ರಂದು, ಅದೇ ಹೆಸರಿನ ಇನ್ನೊಂದು ಊರಾದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತು. ಅಂಥ ದಿನಗಳಲ್ಲಿ ‘ಮೇಲಿನ ಆಸ್ಪತ್ರೆಗೆ ಕಳುಹಿಸಲಾಗಿದೆ’ ಎಂದು ಬರೆದ ಚೀಟಿಗೆ ಅರ್ಥವೇ ಇರುವುದಿಲ್ಲ, ಏಕೆಂದರೆ ಕಳುಹಿಸಲು ದಾರಿಯೇ ಇಲ್ಲ. ಅರಬೈಲು ಘಾಟಿ, ದೇವಿಮನೆ ಘಾಟಿಗಳಲ್ಲಿ ಮಳೆಗಾಲದ ರಾತ್ರಿ ಓಡಾಡಿದವರಿಗೆ ಕಿಲೋಮೀಟರಿನ ಲೆಕ್ಕವೂ ಗಂಟೆಯ ಲೆಕ್ಕವೂ ಬೇರೆ ಬೇರೆ ಎಂದು ಹೇಳಬೇಕಾಗಿಲ್ಲ.

ಹಾಗಾಗಿ ತಜ್ಞರನ್ನು ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆ, ಆ ಕೇಂದ್ರದ ವ್ಯಾಪ್ತಿಯ ಕಟ್ಟಕಡೆಯ ಊರಿನಿಂದ ಪೂರ್ತಿ ತಂಡವಿರುವ ಆಸ್ಪತ್ರೆಗೆ ಮಳೆಗಾಲದ ರಾತ್ರಿಯಲ್ಲಿ ಎಷ್ಟು ಹೊತ್ತು ಬೇಕು ಎಂಬುದು. ಹೆರಿಗೆಯ ನಂತರ ತೀವ್ರ ರಕ್ತಸ್ರಾವವಾದರೆ ಚಿಕಿತ್ಸೆ ಸಿಗದ ತಾಯಿ ಎರಡು ಗಂಟೆಯೊಳಗೆ ಸಾಯಬಹುದು. ಆ ಎರಡು ಗಂಟೆಯೇ ಅಳತೆಗೋಲಾಗಬೇಕು. ಅದಕ್ಕಿಂತ ದೂರವಿರುವ ಕಡೆ ತಜ್ಞರನ್ನು ತೆಗೆಯುವುದಾದರೆ, ದಿನ ತುಂಬಿದ ಗರ್ಭಿಣಿಯರು ಮುಂಚಿತವಾಗಿ ಬಂದು ತಂಗಲು ತಾಲ್ಲೂಕು ಆಸ್ಪತ್ರೆಯ ಆವರಣದಲ್ಲೇ ಜಾಗ, ಜೊತೆಗೆ ಬಂದ ತಾಯಿಗೋ ಅತ್ತೆಗೋ ಊಟ, ಕೇಂದ್ರದಲ್ಲಿ ಸದಾ ನಿಂತಿರುವ ಆಂಬುಲೆನ್ಸ್ ಇವು ಮೊದಲು ಆಗಬೇಕು. 2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಸೇವೆ ಎಷ್ಟೋ ಜೀವ ಉಳಿಸಿದೆ. ಆದರೆ ತಾಲ್ಲೂಕಿನ ಒಂದು ವಾಹನ ರೋಗಿಯನ್ನು ಜಿಲ್ಲಾ ಕೇಂದ್ರಕ್ಕೆ ಬಿಡಲು ಹೋದರೆ ಅದು ಮರಳಿ ಬರುವವರೆಗೆ ಆ ಭಾಗಕ್ಕೆ ಇನ್ನೊಂದು ವಾಹನ ದೂರದಿಂದ ಬರಬೇಕಾಗುತ್ತದೆ. ಪ್ರತಿಯೊಂದು ಅನಗತ್ಯ ರೆಫರಲ್ ಮುಂದಿನ ರೋಗಿಯ ವಾಹನವನ್ನೂ ಕಸಿದುಕೊಳ್ಳುತ್ತದೆ.

ರೆಫರ್ ಮಾಡುವ ವೈದ್ಯರನ್ನು ದೂರುವುದು ಸುಲಭ. ‘ಕೈ ತೊಳೆದುಕೊಂಡರು’ ಎಂದು ನಾವೆಲ್ಲ ಒಂದಲ್ಲ ಒಂದು ಸಲ ಹೇಳಿದ್ದೇವೆ. ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯರ ದಿನ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಆ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಿಕೊಂಡವರ ಸಾಲು ಬಾಗಿಲಿನಿಂದ ಬೇವಿನ ಮರದವರೆಗೆ ಇರುತ್ತದೆ. ಒಬ್ಬರ ಮುಖ ನೋಡಿ, ಎರಡು ಮಾತು ಕೇಳಿ, ರಕ್ತದೊತ್ತಡ ನೋಡಿ, ಮಾತ್ರೆ ಬರೆಯಲು ಸಿಗುವುದು ಎರಡು ಮೂರು ನಿಮಿಷ. ನಡುವೆ ಪೊಲೀಸರು ಹೊಡೆದಾಟದ ಗಾಯಾಳುವನ್ನು ಕರೆತರುತ್ತಾರೆ. ಗಾಯ ಹೊಲಿಯುವುದಕ್ಕಿಂತ ಪೊಲೀಸ್ ಪ್ರಕರಣಗಳನ್ನು ದಾಖಲಿಸುವ ಎಂಎಲ್‌ಸಿ ಪುಸ್ತಕ ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕು, ಏಕೆಂದರೆ ಅಲ್ಲಿ ಬರೆದ ಪ್ರತಿ ಅಕ್ಷರಕ್ಕೂ ಮೂರು ವರ್ಷದ ನಂತರ ನ್ಯಾಯಾಲಯದ ಕಟಕಟೆಯಲ್ಲಿ ಉತ್ತರ ಕೊಡಬೇಕು. ಕೆರೆಯಲ್ಲಿ ಮುಳುಗಿದವರು, ವಿಷ ಕುಡಿದವರು, ಅಪಘಾತದಲ್ಲಿ ಹೋದವರು ಇದ್ದರೆ ಮರಣೋತ್ತರ ಪರೀಕ್ಷೆಯೂ ಅವರದೇ ಕೆಲಸ. ಅಂಗವಿಕಲರ ಪ್ರಮಾಣಪತ್ರ, ಶಾಲಾ ಮಕ್ಕಳ ತಪಾಸಣೆ, ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರ, ಗಣ್ಯರು ಬಂದಾಗ ಆಂಬುಲೆನ್ಸಿನ ಜೊತೆ ನಿಲ್ಲುವುದು, ಜಿಲ್ಲಾ ಕಚೇರಿಯ ಸಭೆ. ಹಗಲು ಇಷ್ಟನ್ನೂ ಮಾಡಿದವರೇ ರಾತ್ರಿ ಡ್ಯೂಟಿ ಡಾಕ್ಟರು ಆಗಿರುವುದೂ ಉಂಟು.

ಇದರ ಮೇಲೆ ಹಲ್ಲೆಯ ಭಯ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸಾಚಾರವನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಆದರೆ ರಾತ್ರಿ ಎರಡಕ್ಕೆ ಹತ್ತು ಜನ ಸಂಬಂಧಿಕರು ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಗ, ಒಳಗಿರುವುದು ಒಬ್ಬ ಯುವ ವೈದ್ಯೆ, ಇಬ್ಬರು ಸಿಸ್ಟರುಗಳು, ಒಬ್ಬ ಆಯಾ. ಕಾಯ್ದೆ ಆಮೇಲೆ ಬರುತ್ತದೆ. ನೂರರಲ್ಲಿ ತೊಂಬತ್ತೈದು ಪಾಲು ತಾನೇ ನಿಭಾಯಿಸಬಲ್ಲೆ ಎಂದು ಗೊತ್ತಿದ್ದರೂ ಉಳಿದ ಐದು ಪಾಲಿನ ಭಯಕ್ಕೆ ಆ ವೈದ್ಯೆ ಚೀಟಿ ಬರೆಯುತ್ತಾರೆ. ಪಕ್ಕದ ಕೊಠಡಿಯಲ್ಲಿ ಇನ್ನೊಬ್ಬ ವೈದ್ಯರಿದ್ದು ‘ನಾನೂ ಬರ್ತೀನಿ, ನೋಡೋಣ’ ಎನ್ನುವಂತಿದ್ದರೆ ಅದೇ ಚೀಟಿಯನ್ನು ಅವರು ಬರೆಯುತ್ತಿರಲಿಲ್ಲ. ಒಬ್ಬಂಟಿತನವೇ ರೆಫರಲ್‌ಗಳ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ತಜ್ಞರು ಹಳ್ಳಿಗಾಡಿಗೆ ಬರುವುದಿಲ್ಲ, ಅವರಿಗೆ ಸೇವಾ ಮನೋಭಾವವಿಲ್ಲ ಎಂಬ ದೂರನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಕಡ್ಡಾಯ ಗ್ರಾಮೀಣ ಸೇವೆಗೆಂದು ರಾಜ್ಯ 2012ರಲ್ಲಿ ಕಾಯ್ದೆ ಮಾಡಿತು, ಅದು ನ್ಯಾಯಾಲಯದ ಮೆಟ್ಟಿಲೇರಿತು, 2019ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಒಂದು ವರ್ಷದ ಮಟ್ಟಿಗೆ ಕುರ್ಚಿ ತುಂಬಲು ಅದರಿಂದ ಸಾಧ್ಯವಾಯಿತು. ಆದರೆ ವರ್ಷ ಮುಗಿಯುವ ದಿನವನ್ನೇ ಎಣಿಸುತ್ತಿರುವ ಒಬ್ಬ ಹೊಸ ತಜ್ಞರ ಸುತ್ತ ತಂಡ ಕಟ್ಟಲಾಗುವುದಿಲ್ಲ. ಯಂತ್ರ ಕೆಟ್ಟರೆ ಆರು ತಿಂಗಳು ದುರಸ್ತಿಯಾಗದ, ಜೊತೆಗೆ ಕೆಲಸ ಮಾಡಲು ಅರಿವಳಿಕೆ ತಜ್ಞರಿಲ್ಲದ ಕಡೆ ಶಸ್ತ್ರಚಿಕಿತ್ಸಕರನ್ನು ನೇಮಿಸಿದರೆ ಅವರ ಕೈಚಳಕವೇ ಮಂಕಾಗುತ್ತದೆ. ಆ ವಯಸ್ಸಿನಲ್ಲಿ ದಿನಕ್ಕೆ ನಾಲ್ಕು ಆಪರೇಷನ್ ಮಾಡಿ ಕಲಿಯಬೇಕಾದವರು ಜ್ವರ, ಕೆಮ್ಮು ನೋಡುತ್ತ ಕೂರುತ್ತಾರೆ. ಬಿಟ್ಟುಹೋಗುವ ನಿರ್ಧಾರದಲ್ಲಿ ಸಂಬಳದಷ್ಟೇ ಪಾಲು ಇದಕ್ಕೂ ಇದೆ. ಸಂಬಳದ ವಿಷಯದಲ್ಲಿಯೂ ಒಂದು ತೊಡಕು ಇದೆ: ಖಾಯಂ ನೌಕರರಿಗಿಂತ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯಲ್ಲಿ ಬಂದ ತಜ್ಞರಿಗೆ ಕೈಗೆ ಹೆಚ್ಚು ಹಣ ಸಿಗುವ ಸಂದರ್ಭಗಳಿವೆ, ಆದರೆ ಅವರಿಗೆ ನಾಳೆಯ ಭರವಸೆ ಇಲ್ಲ. ಒಂದೇ ಥಿಯೇಟರಿನಲ್ಲಿ ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬರಿಗೆ ಸಂಬಳದ ಕೊರಗು, ಇನ್ನೊಬ್ಬರಿಗೆ ಭದ್ರತೆಯ ಕೊರಗು.

ಡ್ಯೂಟಿ ಮುಗಿದ ಮೇಲೆ ಸರ್ಕಾರಿ ವೈದ್ಯರು ನಡೆಸುವ ಖಾಸಗಿ ಪ್ರಾಕ್ಟೀಸಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದ ಗಮನ ಸಂಜೆ ಪೇಟೆಯ ಕ್ಲಿನಿಕ್ಕಿನಲ್ಲಿ ಸಿಗುತ್ತದೆ ಎಂಬ ಅನುಭವ ಜನರಿಗಿದೆ, ಅದನ್ನು ಸುಳ್ಳೆನ್ನಲಾಗದು. ಪೂರ್ತಿ ನಿಷೇಧಿಸಬೇಕೆಂಬ ಒತ್ತಾಯ ಅದರಿಂದಲೇ ಹುಟ್ಟಿದ್ದು. ಆದರೆ ಸಣ್ಣ ತಾಲ್ಲೂಕಿನಲ್ಲಿ ನಿಷೇಧವನ್ನಷ್ಟೇ ಜಾರಿ ಮಾಡಿದರೆ ಇರುವ ಒಬ್ಬ ತಜ್ಞರೂ ರಾಜೀನಾಮೆ ಕೊಟ್ಟು ಅದೇ ಪೇಟೆಯಲ್ಲಿ ನರ್ಸಿಂಗ್ ಹೋಂ ತೆರೆಯುತ್ತಾರೆ, ಬಡವರಿಗೆ ಬೆಳಿಗ್ಗೆಯ ಬಾಗಿಲೂ ಮುಚ್ಚುತ್ತದೆ. ರಾತ್ರಿ ಕರೆಗೆ ಬಂದು ಮಾಡಿದ ಪ್ರತಿ ಶಸ್ತ್ರಚಿಕಿತ್ಸೆಗೂ ತಂಡದ ಎಲ್ಲರಿಗೂ, ಥಿಯೇಟರ್ ಸಿಸ್ಟರ್ ಮತ್ತು ಆಯಾ ಸಮೇತ, ತಿಂಗಳೊಪ್ಪತ್ತಿನಲ್ಲಿ ಕೈಸೇರುವಂತೆ ಪ್ರೋತ್ಸಾಹಧನ ಕೊಡುವುದು ಹೆಚ್ಚು ಫಲ ಕೊಟ್ಟೀತು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಹಣ ಸರ್ಕಾರಿ ಆಸ್ಪತ್ರೆಗೂ ಸಂದಾಯವಾಗುತ್ತದೆ. ಆ ಹಣ ತಾಲ್ಲೂಕಿನಲ್ಲಿ ಉಳಿಯಬೇಕಾದರೆ ಚಿಕಿತ್ಸೆ ತಾಲ್ಲೂಕಿನಲ್ಲೇ ಆಗಬೇಕು. ರೋಗಿ ರೆಫರ್ ಆದಾಗ ಹಣವೂ ರೆಫರ್ ಆಗುತ್ತದೆ.

ತಾಲ್ಲೂಕು ಆಸ್ಪತ್ರೆ ಎಂದರೆ ಸೋಲಿನ ಕಥೆಯೇ ಎಂದು ಯಾರೂ ತಿಳಿಯಬಾರದು. ಇದೇ ಆಸ್ಪತ್ರೆಗಳಲ್ಲಿ ಹೃದಯಾಘಾತದ ಚಿಕಿತ್ಸೆ ಕೆಲವೇ ವರ್ಷಗಳಲ್ಲಿ ಬದಲಾದ ಬಗೆ ಗಮನಿಸಬೇಕಾದದ್ದು. ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡ ಎರಡು ವರ್ಷಗಳ ಬಳಿಕ, ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ಮೊದಲ ಹಂತದಲ್ಲಿ 80ಕ್ಕೂ ಹೆಚ್ಚು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳನ್ನು ಅದರಲ್ಲಿ ಸೇರಿಸಿದರು. ಎದೆನೋವೆಂದು ಬಂದವರಿಗೆ ಇಸಿಜಿ ತೆಗೆದು, ಅದನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ಹೃದ್ರೋಗ ತಜ್ಞರಿಗೆ ತಕ್ಷಣ ಕಳುಹಿಸಿ, ಅವರು ಹೌದೆಂದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಪೇಟೆಯಲ್ಲಿ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಹೃದ್ರೋಗ ತಜ್ಞರು ತಾಲ್ಲೂಕಿಗೆ ಬರಲಿಲ್ಲ, ಅವರ ನಿರ್ಧಾರ ಬಂತು. ಚುಚ್ಚುವ ಕೈ ಎಂಬಿಬಿಎಸ್ ಮಾಡಿದ ಡ್ಯೂಟಿ ಡಾಕ್ಟರದು. ಜವಾಬ್ದಾರಿ ಇಬ್ಬರ ಮೇಲೆ ಹಂಚಿಹೋದದ್ದರಿಂದ ಭಯವೂ ಹಂಚಿಹೋಯಿತು. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ, ಹೆದರಿದ ಜನ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಾಗ ನನಗೆ ಬೇಸರವಾದದ್ದು ಇದಕ್ಕೇ. ಅವರಲ್ಲಿ ಬಹಳ ಮಂದಿಗೆ ಬೇಕಾಗಿದ್ದ ಇಸಿಜಿ ಪರೀಕ್ಷೆ ಅವರ ಊರಿನ ತಾಲ್ಲೂಕು ಆಸ್ಪತ್ರೆಯಲ್ಲೇ ಇತ್ತು.

ಡಯಾಲಿಸಿಸ್ ಇನ್ನೊಂದು ಉದಾಹರಣೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕಾದವರು ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಅಲೆಯುತ್ತಿದ್ದ ಕಾಲವಿತ್ತು. ಈಗ ತಾಲ್ಲೂಕಿನಲ್ಲೇ ತಂತ್ರಜ್ಞರು ಯಂತ್ರ ನಡೆಸುತ್ತಾರೆ. ಗುತ್ತಿಗೆ ಸಂಸ್ಥೆಗಳ ಬಾಕಿ, ಯಂತ್ರಗಳ ದುರಸ್ತಿಯ ತಗಾದೆಗಳು ಇದ್ದೇ ಇವೆ. ಹಾಗಿದ್ದರೂ ಸೇವೆ ನಿಂತಿರುವುದು ಒಬ್ಬ ವ್ಯಕ್ತಿಯ ಮೇಲಲ್ಲವಾದ್ದರಿಂದ ಒಬ್ಬರು ರಜೆ ಹಾಕಿದರೆ ಇಡೀ ಘಟಕ ಬಾಗಿಲು ಹಾಕುವುದಿಲ್ಲ.

ಅರಿವಳಿಕೆಯಲ್ಲಿಯೂ ಇಂಥ ದಾರಿ ತೆರೆದಿದೆ. ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ಕೌಶಲದ ತರಬೇತಿ ದೇಶದಲ್ಲಿ 18 ವಾರಗಳ ಅವಧಿಯದಾಗಿ ಆರಂಭವಾಗಿ ಎರಡು ದಶಕ ಕಳೆದಿದೆ. ತರಬೇತಿ ಪಡೆದವರು ಎಷ್ಟೋ ಸಲ ಆಮೇಲೆ ಥಿಯೇಟರೇ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಗವಾಗುತ್ತಾರೆ, ಅಥವಾ ಬೆನ್ನ ಹಿಂದೆ ನಿಲ್ಲುವ ಹಿರಿಯರಿಲ್ಲದೆ ಕೈ ಹಾಕಲು ಹಿಂಜರಿಯುತ್ತಾರೆ. ಹೃದಯ ಜ್ಯೋತಿಯಲ್ಲಿ ಹೃದ್ರೋಗ ತಜ್ಞರು ಪರದೆಯ ಆಚೆ ನಿಂತ ಹಾಗೆ, ಇಲ್ಲಿಯೂ ತಾಲ್ಲೂಕಿನಲ್ಲಿ ಒಬ್ಬ ಪೂರ್ಣ ತಜ್ಞರು, ಅವರ ಜೊತೆ ತರಬೇತಿ ಪಡೆದ ಒಬ್ಬರು ಎಂದು ಜೋಡಿ ಮಾಡಿದರೆ, ಇಬ್ಬರು ತಜ್ಞರು ಸಿಗದ ಕಡೆಯೂ ರಾತ್ರಿಗಳ ಲೆಕ್ಕ ಮೇಲೇರುತ್ತದೆ. 2020ರಲ್ಲಿ ಹೊರಬಂದ ನಿಯಮದಂತೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕು. ಅವರಲ್ಲಿ ಅರಿವಳಿಕೆ ಮತ್ತು ಪ್ರಸೂತಿ ವಿಭಾಗದವರನ್ನು, ತಜ್ಞರ ಮೇಲ್ವಿಚಾರಣೆ ಇರುವ ದೊಡ್ಡ ತಾಲ್ಲೂಕು ಆಸ್ಪತ್ರೆಗಳಿಗೂ ಕಳುಹಿಸುವಂತಾದರೆ, ಕಲಿಯುವವರಿಗೆ ಕೆಲಸವೂ ಕೆಲಸಕ್ಕೆ ಕೈಗಳೂ ಸಿಗುತ್ತವೆ.

ರಕ್ತದ ವಿಷಯ ಚಿಕ್ಕದೆನಿಸಿದರೂ ಬಹಳ ಕಡೆ ತಂಡ ನಿಲ್ಲುವುದೇ ಅಲ್ಲಿ. ತಾಲ್ಲೂಕು ಆಸ್ಪತ್ರೆಗೆ ಸ್ವಂತ ರಕ್ತನಿಧಿ ಬೇಕಾಗಿಲ್ಲ. ದೊಡ್ಡ ರಕ್ತನಿಧಿಯೊಂದಕ್ಕೆ ಜೋಡಿಸಿದ ಸಂಗ್ರಹಣಾ ಘಟಕ ಸಾಕು. 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸುವ ಫ್ರಿಜ್ಜು, ಹೊಂದಾಣಿಕೆ ಪರೀಕ್ಷೆ ಮಾಡಬಲ್ಲ ತಂತ್ರಜ್ಞ, ಅವಧಿ ಮುಗಿಯುವ ಮೊದಲು ಚೀಲಗಳನ್ನು ಹಿಂದಿರುಗಿಸಿ ಹೊಸದು ತರುವ ವಾಹನ, ಇಷ್ಟರಿಂದ ಅದು ನಡೆಯುತ್ತದೆ. ನಾನು ನೋಡಿದ ಒಂದು ಆಸ್ಪತ್ರೆಯಲ್ಲಿ ಫ್ರಿಜ್ಜು ಹೊಸದಾಗಿ ಹೊಳೆಯುತ್ತಿತ್ತು, ಅದರ ಬಾಗಿಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ರಾತ್ರಿಪಾಳಿಗೆ ಪ್ರಯೋಗಾಲಯದ ತಂತ್ರಜ್ಞರ ಹುದ್ದೆ ಮಂಜೂರಾಗಿರಲಿಲ್ಲವಾದ್ದರಿಂದ ಒಳಗೆ ರಕ್ತ ಇಟ್ಟಿರಲಿಲ್ಲ. ಮಂಜೂರಾದ ತಜ್ಞರು ಮೂವರೂ ಆ ಆಸ್ಪತ್ರೆಯಲ್ಲಿ ಇದ್ದರು.

ಆದ್ದರಿಂದ ನಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಇಂಥ ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದ ತಿಂಗಳು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಸಿಸೇರಿಯನ್ ಮಾಡಲು ಪೂರ್ತಿ ತಂಡ ಎಷ್ಟು ರಾತ್ರಿ ಇತ್ತು? ಇಲ್ಲದ ರಾತ್ರಿಗಳಲ್ಲಿ ಕೊರತೆಯಾದದ್ದು ಯಾವುದು, ವೈದ್ಯರೇ, ರಕ್ತವೇ, ಸಿಬ್ಬಂದಿಯೇ? ಆ ರಾತ್ರಿಗಳಲ್ಲಿ ಎಷ್ಟು ತಾಯಂದಿರನ್ನು ಹೊರಗೆ ಕಳುಹಿಸಿದರು, ಅವರು ತಲುಪಿದ ಸಮಯ ಎಷ್ಟು? ಈ ಮಾಹಿತಿ ಎಲ್ಲವೂ ಆಸ್ಪತ್ರೆಯ ರಿಜಿಸ್ಟರುಗಳಲ್ಲಿ ಚದುರಿಕೊಂಡು ಈಗಾಗಲೇ ಇದೆ. ಡ್ಯೂಟಿ ಪಟ್ಟಿ, ಥಿಯೇಟರ್ ರಿಜಿಸ್ಟರ್, ರೆಫರಲ್ ಪುಸ್ತಕ ಮೂರನ್ನು ಪಕ್ಕಪಕ್ಕ ಇಟ್ಟರೆ ಒಬ್ಬ ಗುಮಾಸ್ತರು ಅರ್ಧ ದಿನದಲ್ಲಿ ಲೆಕ್ಕ ತೆಗೆಯಬಹುದು. ಶಾಸಕರಿಗಾಗಿ ಕಾಯಬೇಕಾಗಿಯೂ ಇಲ್ಲ. ಪ್ರತಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ, ಅದರಲ್ಲಿ ಊರಿನವರು ಸದಸ್ಯರಾಗಿದ್ದಾರೆ. ಕಾಂಪೌಂಡಿಗೆ ಬಣ್ಣ ಹೊಡೆಸುವ, ಕುರ್ಚಿ ಕೊಳ್ಳುವ ವಿಷಯಕ್ಕೆ ಸಭೆಯ ಹೊತ್ತು ಕಳೆಯುವ ಬದಲು, ಮೊದಲ ವಿಷಯವಾಗಿ ಆ ತಿಂಗಳ ರಾತ್ರಿಗಳ ಲೆಕ್ಕವನ್ನು ಓದಿಸಿ ನಡಾವಳಿಯಲ್ಲಿ ಬರೆಸಲು ಅವರಿಗೆ ಯಾರ ಅನುಮತಿಯೂ ಬೇಕಿಲ್ಲ.